ಓರಗಿತ್ತಿಯ ಫಾರಿನ್ ಮಗನೂ ನನ್ನ ಮೊದಲ ಕುಂಕುಮವೂ

ಮನೆತನದಲ್ಲಿ ಯಾರಾದರೂ ಒಬ್ಬರು ದೊಡ್ಡ ಕೆಲಸಕ್ಕೆ ಸೇರಿಕೊಂಡರೆ ಸಾಕು, ಉಳಿದವರಿಗೆ ನಗುವುದಕ್ಕೂ ಹೊಟ್ಟೆ ಉರಿದುಕೊಳ್ಳುವುದಕ್ಕೂ ಜನ್ಮಪೂರ್ತಿ ಕೊರತೆ ಇರುವುದಿಲ್ಲ. ನನಗಂತೂ ಎರಡೂ ಗೋಡೆಯ ಆ ಕಡೆಯಿಂದಲೇ ಬರುತ್ತಿದ್ದವು.

ಯಲಹಂಕದ ಹಳೇ ಊರಿನಲ್ಲಿ ನಮ್ಮದು ಒಂದೇ ಮನೆ, ನಡುವೆ ಒಂದು ಮಣ್ಣಿನ ಗೋಡೆ. ಈ ಕಡೆ ನಾನು, ಹಿರೀ ಸೊಸೆ. ಆ ಕಡೆ ನನ್ನ ಓರಗಿತ್ತಿ, ಗೂರಲು ರೋಗದ ಮೈದುನನ ಹೆಂಡತಿ. ಹಿತ್ತಲಲ್ಲಿ ಇಬ್ಬರಿಗೂ ಸೇರಿ ಒಂದು ಬಾವಿ. ನನಗೊಬ್ಬ ಮಗ, ಅವಳಿಗೊಬ್ಬ ಮಗ. ಇಬ್ಬರದೂ ಒಂದೇ ವಯಸ್ಸು, ಒಂದೇ ಇಸ್ಕೂಲು, ಒಬ್ಬರೇ ಮೇಷ್ಟ್ರ ಕೈಲಿ ತಿಂದ ಒದೆ. ನನ್ನವನು ಯಶವಂತಪುರದ ರೈಲ್ವೆ ಗೂಡ್ಸ್ ಷೆಡ್ಡಿನಲ್ಲಿ ಗುಮಾಸ್ತನಾದ. ಅವಳವನು ಪರೀಕ್ಷೆಯ ಮೇಲೆ ಪರೀಕ್ಷೆ ಕಟ್ಟಿ, ದಿಲ್ಲಿಗೆ ಹೋಗಿ, ಫಾರಿನ್ ಸರ್ವೀಸು ಅಂತ ಅದೇನೋ ಆದ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿತ್ತೇನೋ ಆಗ.

ಇದರಲ್ಲಿ ನಿನಗೇನಮ್ಮ ನಷ್ಟ ಅಂತೀರಾ? ಹೇಳ್ತೀನಿ ಕೇಳಿ. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೇ ಗೌರಿ ಕೂರಿಸಲಿ, ತೊಟ್ಟಿಲು ಕಟ್ಟಲಿ, ಮೊದಲ ಅರಿಶಿನ ಕುಂಕುಮ ನನಗೆ. ದೊಡ್ಡ ಮನೆಯ ಹಿರೀ ಸೊಸೆ ಅಂತ. ನಾನು ಹೋಗುವುದು ತಡವಾದರೆ ತಟ್ಟೆ ಹಿಡಿದುಕೊಂಡು ಕಾಯುತ್ತಿದ್ದರು. ನಾನೂ ಬೇಕು ಅಂತಲೇ ತಡ ಮಾಡುತ್ತಿದ್ದೆ ಅನ್ನಿ. ಓದಿದ್ದು ಮೂರನೇ ಕ್ಲಾಸು, ಕೊರಳಲ್ಲಿ ಒಂದೆಳೆ ಸರ. ನನಗಿದ್ದ ದೊಡ್ಡಸ್ತಿಕೆ ಆ ಕುಂಕುಮ ಒಂದೇ. ಆ ಹುಡುಗನ ಕೆಲಸ ಕೈ ಹಾಕಿದ್ದು ಸರಿಯಾಗಿ ಅದಕ್ಕೇ.

ಗುಣನಡತೆ

ಕೆಲಸದ ಹುಕುಂ ಬರುವುದಕ್ಕೆ ಮುಂಚೆ ಒಬ್ಬ ಪೊಲೀಸಪ್ಪ ಸೈಕಲ್ ತುಳಿದುಕೊಂಡು ಬಂದ. ಓರಗಿತ್ತಿ ಗದ್ದೆ ಕಡೆ ಹೋಗಿದ್ದಳು. ಸೈಕಲ್ ನಮ್ಮ ಜಗಲಿಗೆ ಒರಗಿಸಿ, "ಅಮ್ಮಾ, ಪಕ್ಕದ ಮನೆ ಹುಡುಗನಿಗೆ ಸರ್ಕಾರದೋರು ದೊಡ್ಡ ಕೆಲಸ ಕೊಡ್ತಾರಂತೆ. ಅವನ ಗುಣನಡತೆ ಹೆಂಗೆ ಅಂತ ವಿಚಾರಿಸ್ಕೊಂಡು ಬಾ ಅಂದವ್ರೆ. ನೀವು ಕಂಡಂಗೆ ಹೇಳಿ" ಅಂದ.

ದೇವರು ಕಣ್ಣು ಬಿಟ್ಟ ಅಂದುಕೊಂಡೆ. ಮಜ್ಜಿಗೆ ಕೊಟ್ಟು ಮಣೆ ಹಾಕಿ ಕೂರಿಸಿದೆ.

"ಕುಡೀತಾನಾ?"

"ಕಾಫಿ."

"ಯಾರ ಹತ್ರಾನಾದ್ರೂ ಜಗಳ, ಹೊಡೆದಾಟ?"

ಅದೂ ಇಲ್ಲ, ಹಾಳಾದವನು. ಮಜ್ಜಿಗೆ ಖಾಲಿಯಾಗುತ್ತಾ ಬಂತು. ಬಿಟ್ಟರೆ ಎದ್ದು ಹೋಗಿಬಿಡುತ್ತಾನೆ. ನಾನು ಸ್ವಲ್ಪ ಹತ್ತಿರ ಸರಿದು ದನಿ ತಗ್ಗಿಸಿದೆ.

"ನೋಡಪ್ಪಾ, ಒಂದು ಐಬಿದೆ. ಸುಳ್ಳು ಹೇಳ್ತಾನೆ. ನಮ್ಮ ಸೀಬೆಗಿಡದಲ್ಲಿ ಹಣ್ಣು ಕಿತ್ತು ಜೇಬಲ್ಲಿ ಇಟ್ಕೊಂಡೇ 'ದೊಡ್ಡಮ್ಮಾ, ಯಾರೋ ಹಣ್ಣು ಕದೀತಾವ್ರೆ, ಕಾವಲಿಗೆ ನಾನಿರ್ಲಾ?' ಅಂತ ಕೇಳ್ತಿದ್ದ. ಮುಖ ನೋಡಿದ್ರೆ ಒಂದು ಚೂರೂ ಗೊತ್ತಾಗಲ್ಲ. ನಗ್ತಾ ನಗ್ತಾ ಹೇಳ್ತಾನೆ. ಕೊನೆಗೆ ನಾನೇ ಅವನ ಕೈಗೆ ಇನ್ನೆರಡು ಹಣ್ಣು ಕೊಟ್ಟು ಕಳಿಸ್ತಿದ್ದೆ."

ಪೊಲೀಸಪ್ಪ ಮೀಸೆ ಒರೆಸಿಕೊಂಡು ಎದ್ದ.

"ಇಷ್ಟು ಸಾಕು ಬಿಡಿ ತಾಯೀ. ಬೇರೆ ದೇಶದೋರ ಹತ್ರ ಮಾತಾಡೋ ಕೆಲಸವಂತೆ ಅದು. ಇವನನ್ನ ಬಿಟ್ರೆ ಇನ್ನೊಬ್ಬ ಸಿಗಾಕಿಲ್ಲ."

ಏನು ಕೆಲಸ?

ಕೆಲಸ ಆಯಿತು. ಓರಗಿತ್ತಿ ಬೀದಿಗೆಲ್ಲಾ ಬೆಲ್ಲ ಹಂಚಿದಳು. ಆದರೆ ಅದು ಏನು ಕೆಲಸ ಅಂತ ಯಾರಿಗೂ ತಿಳಿಯಲಿಲ್ಲ. ಅರಳಿಕಟ್ಟೆ ಮೇಲೆ ಕೂತಿರುತ್ತಿದ್ದ ಹಳೇ ಪಟೇಲಜ್ಜ ನನ್ನ ಜೊತೆ ಬರುತ್ತಿದ್ದ ಅವಳನ್ನ ನಿಲ್ಲಿಸಿಕೊಂಡು ಕೇಳಿದ.

"ಏನವ್ವಾ, ನಿನ್ನ ಮಗ ಅಮಲ್ದಾರನಾ?"

"ಅಲ್ಲ ತಾತಾ, ಅದಕ್ಕಿಂತ ದೊಡ್ಡದು."

"ಕಂದಾಯ ಆಕ್ತಾನಾ?"

"ಇಲ್ಲ."

"ಯಾರ್ನಾದ್ರೂ ಇಡ್ದು ಒಳೀಕೆ ಆಕ್ಸೋ ಅಧಿಕಾರ ಐತಾ?"

"ಇಲ್ಲ ತಾತಾ. ಬೇರೆ ದೇಶದಾಗೆ ನಮ್ಮ ದೇಶದ ಪರವಾಗಿ ಇರ್ತಾನೆ."

"ಇದ್ಕೊಂಡು?"

"ಅಲ್ಲಿನ ದೊಡ್ಡ ಮನುಷ್ಯರ ಜೊತೆ ಊಟ ಮಾಡ್ತಾನೆ. ಮಾತಾಡ್ತಾನೆ. ಅವರು ಏನಂದ್ರು ಅಂತ ದಿಲ್ಲಿಗೆ ತಿಳಿಸ್ತಾನೆ."

ಪಟೇಲಜ್ಜ ಎಲೆಅಡಿಕೆ ಉಗಿದು ನನ್ನ ಕಡೆ ತಿರುಗಿದ. "ಅಲ್ಲ ಕಣವ್ವಾ, ಕಂಡೋರ ಮನೇಲಿ ಉಣ್ಣೋದು, ಅಲ್ಲಿ ಕೇಳಿದ್ದ ಇಲ್ಲಿ ಏಳೋದು. ಈ ಕೆಲಸ ಇಷ್ಟು ವರ್ಸದಿಂದ ನೀನು ಪುಕ್ಕಟೆ ಮಾಡ್ತಾ ಇದ್ದೀಯಲ್ಲ!"

ಕಟ್ಟೆ ಪೂರ್ತಿ ನಕ್ಕಿತು. ನಾನು ನಗಲಿಲ್ಲ. ಯಾಕೆಂದರೆ ಅದೇ ವಾರ ಗೌರಿ ಹಬ್ಬ. ಶಾನುಭೋಗರ ಮನೆಯಲ್ಲಿ ನಾನು ಎಂದಿನಂತೆ ತಡವಾಗಿ, ಸೆರಗು ಸರಿಮಾಡಿಕೊಂಡು ಹೋದೆ. ತಟ್ಟೆ ನನಗಾಗಿ ಕಾದಿರಲಿಲ್ಲ. ಓರಗಿತ್ತಿಯ ಹಣೆಯಲ್ಲಿ ಆಗಲೇ ಕಾಸಿನಗಲ ಕುಂಕುಮ. ಶಾನುಭೋಗರ ಹೆಂಡತಿ ನನ್ನನ್ನ ನೋಡಿ, "ನೀವೂ ಬಂದ್ರಾ? ಬನ್ನಿ, ಬನ್ನಿ. ಫಾರಿನ್ ಸಾಹೇಬರ ತಾಯಿನ ಎಷ್ಟು ಹೊತ್ತು ಅಂತ ಕಾಯಿಸೋದು?" ಅಂದಳು.

ಆ 'ನೀವೂ' ಅನ್ನೋ ಮಾತು ಮನೆಗೆ ಬಂದು ಮುದ್ದೆ ತೊಳಸುವಾಗಲೂ ಕಿವಿಯಲ್ಲೇ ಇತ್ತು. ಅವತ್ತಿನ ಮುದ್ದೆ ಎಷ್ಟು ಗಟ್ಟಿಯಾಗಿತ್ತೆಂದರೆ, ನಮ್ಮೆಜಮಾನರು "ಇದನ್ನ ತಿನ್ನಬೇಕೋ, ಯಾರಿಗಾದ್ರೂ ಹೊಡೀಬೇಕೋ?" ಅಂದರು.

ಬಿಚ್ಚಬಾರದ ಬುಟ್ಟಿ

ಹುಡುಗ ಮೊದಲ ದೇಶಕ್ಕೆ ಹೋಗಿ ಬಂದಾಗ ಅವ್ವನಿಗೆ ಒಂದು ವಿಷಯ ಹೇಳಿದ್ದ: ಅವನಂಥವರ ಸಾಮಾನನ್ನ ಆ ದೇಶದ ಸುಂಕದವರು ಬಿಚ್ಚಿ ನೋಡುವ ಹಾಗಿಲ್ಲ, ಅವನನ್ನ ಅಲ್ಲಿನ ಪೊಲೀಸರು ಹಿಡಿಯುವ ಹಾಗೂ ಇಲ್ಲ. ಹೇಳಿದವನು ಮುಂದಿನ ಹಡಗು ಹತ್ತಿ ಹೊರಟುಹೋದ. ಕೇಳಿಸಿಕೊಂಡವಳು ಇಲ್ಲೇ ಉಳಿದಳಲ್ಲ, ಅವಳಿಂದ ಆದದ್ದು ಇದು.

ಶ್ರಾವಣ ಮಾಸದ ಒಂದು ಶನಿವಾರ ಇಬ್ಬರೂ ಪೇಟೆಗೆ ಹೊರಟೆವು. ಅವಳ ತೊಡೆಯ ಮೇಲೆ ಬಟ್ಟೆ ಕಟ್ಟಿದ ಬುಟ್ಟಿ. "ಏನೇ ಅದು?" ಅಂದರೆ, "ನಮ್ಮಣ್ಣನ ಮನೆಗೆ ಒಂದಿಷ್ಟು ಸೊಪ್ಪು ಕಣಕ್ಕಾ" ಅಂದಳು. ಹೆಬ್ಬಾಳದ ಸುಂಕದ ಕಟ್ಟೆ ಹತ್ತಿರ ಬಸ್ಸು ನಿಂತಿತು. ಕಟ್ಟೆಯವನು ಹತ್ತಿ ಒಬ್ಬೊಬ್ಬರ ಗಂಟು ಮುಟ್ಟಿ ನೋಡುತ್ತಾ ಬಂದ.

"ಬುಟ್ಟಿ ಬಿಚ್ಚಮ್ಮ."

"ಬಿಚ್ಚಲ್ಲ."

"ಯಾಕೆ?"

"ನನ್ನ ಮಗ ಫಾರಿನ್ನಾಗವ್ನೆ. ನಮ್ಮನೆ ಸಾಮಾನು ಯಾವ ದೇಶದ ಸುಂಕದೋರೂ ಬಿಚ್ಚಂಗಿಲ್ಲ. ಕಾನೂನು ತಿಳ್ಕೊಂಡು ಬಾ ಹೋಗು."

ಅವನು ಪಾಪ, ಎಳೆಯ ಹುಡುಗ. ಇವಳ ದನಿಗೆ ಹೆದರಿ ಕೆಳಗಿಳಿದು ಮೇಲಿನವನನ್ನ ಕರೆತಂದ. ಮೇಲಿನವನು, "ನಿಮ್ಮ ಮಗ ಯಾವ ದೇಶದಲ್ಲಿದಾರೆ?" ಅಂದ. ಇವಳು ದೇಶದ ಹೆಸರು ಹೇಳಿದಳು. "ಹಂಗಾದ್ರೆ ಈ ಬುಟ್ಟಿನ ಅಲ್ಲಿಗೆ ತಗೊಂಡು ಹೋಗಿ, ಅಲ್ಲಿ ಯಾರೂ ಬಿಚ್ಚಲ್ಲ. ಇದು ಹೆಬ್ಬಾಳ" ಅಂದ. ಬಸ್ಸಿನಲ್ಲಿದ್ದವರೆಲ್ಲ ಎದ್ದು ನಿಂತು ನೋಡುತ್ತಿದ್ದರು. ಇವಳು ಎರಡು ಕೈಯಲ್ಲೂ ಬುಟ್ಟಿ ತಬ್ಬಿಕೊಂಡಳು.

ಆ ಅದುಮಿಗೆ ಬುಟ್ಟಿಯೊಳಗಿನ ಸೊಪ್ಪು ಒಂದೇ ಸಲಕ್ಕೆ 'ಕೊಕ್ಕೊಕ್ಕೋ' ಅಂತ ಕೂಗಿತು.

ಹುಂಜ! ಶ್ರಾವಣ ಶನಿವಾರ! ಮಗನಿಗೆ ಕೆಲಸ ಸಿಕ್ಕಿದಾಗಿನಿಂದ ಶ್ರಾವಣ ಪೂರ್ತಿ ನಮ್ಮನೇಲಿ ಮೊಟ್ಟೇನೂ ಮುಟ್ಟಲ್ಲ ಅಂತ ಬೀದಿಗೆಲ್ಲಾ ಸಾರಿದ್ದವಳು! ನಾನು ಬಾಯಿ ಬಿಡಲಿಲ್ಲ, ದೇವರಾಣೆ. ನಾನು ಯಾಕೆ ಬಿಡಬೇಕು? ಅದೇ ಬಸ್ಸಿನಲ್ಲಿ ಶಾನುಭೋಗರ ಹೆಂಡತಿ ಇದ್ದಳಲ್ಲ.

ಹೆಬ್ಬೆರಳ ಕೆಳಗಿನ ಹೆಂಗಸು

ಹುಂಜದ ಕಥೆ ಬೀದಿಯಲ್ಲಿ ಓಡಾಡುವಷ್ಟು ದಿನ ಮೊದಲ ಕುಂಕುಮ ನನ್ನ ಹಣೆಗೇ ವಾಪಸು ಬಂತು. ಆಮೇಲೆ ಮಗ ಒಂದು ಫೋಟೋ ಕಳಿಸಿದ, ತಟ್ಟೆ ಮತ್ತೆ ಆ ಕಡೆ ತಿರುಗಿತು.

ಫೋಟೋ ತೋರಿಸಲು ಓರಗಿತ್ತಿ ಮನೆಮನೆಗೆ ಹೋದಳು. ಕರೀ ಕೋಟು, ಕೊರಳ ಹತ್ತಿರ ಚಿಟ್ಟೆಯಂಥ ಗಂಟು, ಪಕ್ಕಾ ದೊರೆಯ ಹಾಗೆ ನಿಂತಿದ್ದ. ಆದರೆ ಅವಳು ಫೋಟೋ ಹಿಡಿದ ರೀತಿ ನನಗೆ ಸರಿಬರಲಿಲ್ಲ. ಯಾರಿಗೆ ತೋರಿಸಿದರೂ ಬಲಗಡೆ ಅರ್ಧಕ್ಕೆ ಹೆಬ್ಬೆರಳು. ಯಾರ ಕೈಗೂ ಕೊಡಳು. ನಾನು ಬೀಸೋಕಲ್ಲಿನ ಮುಂದೆ ಕೂತಿದ್ದವಳು, "ಅಯ್ಯೋ, ನಿನ್ನ ಕೈಮೇಲೆ ಹಲ್ಲಿ ಕಣೇ!" ಅಂದೆ. ಕೈ ಕೊಡವಿದಳು. ಫೋಟೋ ಹಿಟ್ಟಿನ ಮೇಲೆ ಬಿತ್ತು. ನಾನು ಎತ್ತಿಕೊಂಡೆ.

ಹೆಬ್ಬೆರಳಿದ್ದ ಜಾಗದಲ್ಲಿ ಒಂದು ಕೈ. ಹುಡುಗನ ತೋಳಿನೊಳಗೆ ತೂರಿಸಿದ ಕೈ. ಕೈಯ ಆಚೆಗೆ ಒಬ್ಬಳು ಬಿಳೀ ಹೆಂಗಸು. ಭುಜದ ಮೇಲೆ ಬಟ್ಟೆ ಅಂತ ಒಂದು ಎಳೆ ಇಲ್ಲ. ಮೇಲೆ ಹಲ್ಲು ಬಿಟ್ಟುಕೊಂಡು ನಗು!

ನಾನು ಯಾರಿಗೂ ಹೇಳಲಿಲ್ಲ ಕಣ್ರೀ. ಬರೀ ಕೇಳಿದೆ. "ಪಾಪ, ಅವನಿಗೆ ಮದುವೆ ಆಗಿದೆಯಾ ಏನು? ನಿಮಗೇನಾದ್ರೂ ಗೊತ್ತಾ?" ಅಂತ ಬಾವಿಕಟ್ಟೆಯಲ್ಲಿ ಒಬ್ಬಳನ್ನ, ಹಿಟ್ಟಿನ ಗಿರಣಿಯಲ್ಲಿ ಇನ್ನೊಬ್ಬಳನ್ನ ಕೇಳಿದೆ. ಅಷ್ಟೇ. ಸಂಜೆ ಯಶವಂತಪುರದಿಂದ ಬಂದ ನನ್ನ ಮಗ, "ಅವ್ವಾ, ಅವನಿಗೆ ಬಿಳೀ ಹೆಂಡ್ತಿ, ಇಬ್ರು ಮಕ್ಕಳಂತೆ, ನಿಜವಾ?" ಅಂದ. ಮಕ್ಕಳನ್ನ ಯಾರು ಸೇರಿಸಿದರೋ, ನಾನಲ್ಲ.

ರಜೆಗೆ ಬಂದವನನ್ನ ಅವನವ್ವ ಅಂಗಳದಲ್ಲೇ ಹಿಡಿದುಕೊಂಡಳು. ನಾನು ಗೋಡೆ ಪಕ್ಕ ಸೌದೆ ಆರಿಸುತ್ತಿದ್ದೆ. ಸೌದೆ ಇರಲಿಲ್ಲ, ಆದರೂ ಆರಿಸುತ್ತಿದ್ದೆ.

"ಅವ್ವಾ, ಅವರು ಬೇರೆ ದೇಶದ ಅಧಿಕಾರಿಯ ಹೆಂಡತಿ. ದೊಡ್ಡ ಊಟಗಳಲ್ಲಿ ಅದೇ ಪದ್ಧತಿ. ಗಂಡಸರು ಇನ್ನೊಬ್ಬರ ಹೆಂಡತಿಗೆ ತೋಳು ಕೊಟ್ಟು ಊಟಕ್ಕೆ ಕರ್ಕೊಂಡು ಹೋಗಬೇಕು. ಪಕ್ಕದಲ್ಲೇ ಕೂತು ಮಾತಾಡ್ಬೇಕು. ಅವರ ಗಂಡನೂ ಅಲ್ಲೇ ಇದ್ರು."

"ಗಂಡ ನೋಡ್ತಾ ಸುಮ್ನಿದ್ನಾ?"

"ಅವರು ಇನ್ನೊಬ್ಬರ ಹೆಂಡತಿ ಜೊತೆ ಹೋಗ್ತಿದ್ರು ಅವ್ವಾ."

ನಾನು ಅಲ್ಲಿಗೆ ಸುಮ್ಮನಿರಬೇಕಿತ್ತು. ಆಗಲಿಲ್ಲ. ಗೋಡೆ ಮೇಲೆ ತಲೆ ಎತ್ತಿ ಕೇಳಿಯೇಬಿಟ್ಟೆ: "ಅಲ್ಲ ಕಣೋ, ಹಂಗಾದ್ರೆ ನಾಳೆ ನಿನ್ನ ಹೆಂಡ್ತಿ ಕೈ ಹಿಡಿಯೋನು ಯಾರು?"

ಅಷ್ಟು ಭಾಷೆ ಕಲಿತ ಹುಡುಗ ನನಗೊಂದು ಕೈ ಮುಗಿದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮಡಿಲಕ್ಕಿ

ಆದರೂ ಅವನಿಗೆ ಹೆಣ್ಣು ಸಿಕ್ಕಿತು. ಪೇಟೆಯ ದೊಡ್ಡ ವಕೀಲರ ಮಗಳು, ಕಾರಿನಲ್ಲೇ ಬಂದಿಳಿದಳು. ಅಲ್ಲಿಗೆ ನನ್ನ ಕುಂಕುಮ ಪೂರ್ತಿ ಮುಳುಗಿತು. ಬೀದಿಯಲ್ಲಿ ಮೊದಲು ಓರಗಿತ್ತಿಗೆ, ಸೊಸೆ ಬಂದಿದ್ದರೆ ಸೊಸೆಗೆ, ಆಮೇಲೆ ಗಿಲ್ಲೆ ಬಟ್ಟಲಿನ ತಳ ಕೆರೆದು ನನಗೆ. ಹೀಗೇ ವರ್ಷಗಳು ಕಳೆದವು. ಅರವತ್ತು ದಾಟಿತು ಇಸವಿ.

ಒಂದು ಸಂಕ್ರಾಂತಿಗೆ ಅವನು ಹೆಂಡತಿಯನ್ನ ತವರಲ್ಲಿ ಬಿಟ್ಟು, ಅವ್ವನ ಮನೆಗೆ ಬಂದಿದ್ದ. ಬಂದವನೇ, "ನಾಡಿದ್ದು ಒಂದು ದೇಶದ ರಾಯಭಾರಿ ನಂದಿ ಬೆಟ್ಟಕ್ಕೆ ಹೋಗ್ತಾ ನಮ್ಮನೆಗೆ ಬರ್ತಾರೆ, ಹೆಂಡತಿನೂ ಬರ್ತಾರೆ" ಅಂದ. ಬೀದಿಗೆ ಬೀದಿಯೇ ಸಗಣಿ ಸಾರಿಸಿಕೊಂಡಿತು. ಓರಗಿತ್ತಿ ಹಬ್ಬದ ರೇಷ್ಮೆ ಸೀರೆ ತೆಗೆದು ಗಾಳಿಗೆ ಹಾಕಿದಳು. ನಾನು ತಲೆನೋವು ಅಂತ ಮಲಗಿಬಿಡೋಣ ಅಂತಿದ್ದೆ.

ಅವತ್ತು ಬೆಳಿಗ್ಗೆ ಹುಡುಗ ರಂಗೋಲಿ ಪುಡಿ ತಗೊಂಡು ಅಂಗಳದಲ್ಲಿ ಚುಕ್ಕೆ ಇಡತೊಡಗಿದ. ಯಾರು ಎಲ್ಲಿ ನಿಲ್ಲಬೇಕು ಅಂತ. ಅದೂ ಅವನ ಕೆಲಸವಂತೆ! ಬಾಗಿಲಿಗೆ ಹತ್ತಿರದ ಮೊದಲ ಚುಕ್ಕೆ ಇಟ್ಟು, "ಇಲ್ಲಿ ದೊಡ್ಡಮ್ಮ" ಅಂದ.

ಓರಗಿತ್ತಿಯ ಮುಖ ಮಂಗಳಾರತಿಯ ಹಾಗೆ ಉರಿಯಿತು. "ಏನೋ ಇದು? ಹೆತ್ತೋಳು ನಾನು! ಮೊದಲು ನಾನು ನಿಲ್ಬೇಡ್ವಾ?"

"ಅವ್ವಾ, ನಮ್ಮಲ್ಲಿ ಇದಕ್ಕೊಂದು ಕ್ರಮ ಇದೆ. ಒಂದು ಊರಲ್ಲಿ ಹತ್ತು ದೇಶದ ರಾಯಭಾರಿಗಳಿದ್ರೆ ಯಾವ ದೇಶ ದೊಡ್ಡದು ಅಂತ ನೋಡಲ್ಲ. ಆ ಊರಿಗೆ ಯಾರು ಮೊದಲು ಬಂದ್ರೋ ಅವರೇ ಮೊದಲು. ಈ ಮನೆಗೆ ನಿನಗಿಂತ ಮುಂಚೆ ಬಂದೋರು ದೊಡ್ಡಮ್ಮ."

ಇಷ್ಟು ವರ್ಷದ ಮೇಲೆ ಅವನದು ಎಂಥಾ ಘನವಾದ ಕೆಲಸ ಅಂತ ನನಗೆ ಅರ್ಥವಾಯಿತು ನೋಡಿ. ತಲೆನೋವು ಹೋಯಿತು. ನನ್ನ ಹಳೇ ಧರ್ಮಾವರಂ ಸೀರೆ ಉಟ್ಟು ಚುಕ್ಕೆ ಮೇಲೆ ಕಂಬದ ಹಾಗೆ ನಿಂತೆ. ನನ್ನ ಹಿಂದೆ ಓರಗಿತ್ತಿ, ತಟ್ಟೆ ಹಿಡಿದುಕೊಂಡು!

ಕಾರು ಬಂತು. ಉದ್ದನೆಯ ಸಾಹೇಬ, ಕೈಯಲ್ಲಿ ಹ್ಯಾಟು. ಹಿಂದೆ ಅವನ ಹೆಂಡತಿ, ಮಂಡಿ ತನಕ ಹೂವಿನ ಫ್ರಾಕು. ನಾನು ಅರಿಶಿನ ಕುಂಕುಮ ಇಟ್ಟೆ, ಎಳ್ಳು ಬೆಲ್ಲ ಕೊಟ್ಟೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಮನೆಗೆ ಮೊದಲ ಸಲ ಬಂದ ಮುತ್ತೈದೆಯನ್ನ ಹಾಗೇ ಕಳಿಸುತ್ತಾರಾ? ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ ಇಟ್ಟಿದ್ದ ಮೊರ ಎತ್ತಿಕೊಂಡು, "ಮಡಿಲಕ್ಕಿ ಕಟ್ತೀನಿ, ಸೆರಗು ಒಡ್ಡಮ್ಮಾ" ಅಂದೆ.

ಸೆರಗೆಲ್ಲಿಂದ ತರುತ್ತಾಳೆ? ಹುಡುಗ ಇಂಗ್ಲಿಷಿನಲ್ಲಿ ಏನೋ ವಿವರಿಸಲು ಹೋದ. ಅವಳು ಜಾಣೆ. ನನ್ನ ಸೆರಗು ನೋಡಿದಳು, ಮೊರ ನೋಡಿದಳು, ಅರ್ಥವಾಯಿತು ಅನ್ನುವ ಹಾಗೆ ತಲೆ ಆಡಿಸಿ, ಫ್ರಾಕಿನ ಅಂಚು ಎರಡು ಕೈಯಲ್ಲಿ ಹಿಡಿದು ಮೇಲಕ್ಕೆ ಎತ್ತತೊಡಗಿದಳು.

ಅಂಗಳದಲ್ಲಿದ್ದ ಗಂಡಸರೆಲ್ಲಾ ಕವಾಯತು ಮಾಡಿದ ಹಾಗೆ ಒಟ್ಟಿಗೇ ಗೋಡೆ ಕಡೆ ತಿರುಗಿದರು. ನಮ್ಮೆಜಮಾನರೂ ತಿರುಗಿದರು, ಆದರೆ ಎಲ್ಲರಿಗಿಂತ ನಿಧಾನವಾಗಿ. ಅದನ್ನ ನಾನು ಮರೆತಿಲ್ಲ. ಹುಡುಗನ ಮುಖ ಬೆವೆತು ನೀರಾಯಿತು. ಆ ಸಾಹೇಬ ಒಳ್ಳೆಯವನು. ಒಂದೇ ಹೆಜ್ಜೆಗೆ ಮುಂದೆ ಬಂದು, ಹೆಂಡತಿಯ ಕೈ ಕೆಳಗಿಳಿಸಿ, ತನ್ನ ಹ್ಯಾಟು ಅಂಗಾತ ಮಾಡಿ ನನ್ನ ಮುಂದೆ ಒಡ್ಡಿದ. ನಾನು ಏನು ಮಾಡಲಿ? ಮೊರ ಎತ್ತಿಯಾಗಿತ್ತು. ಅಕ್ಕಿ, ಕೊಬ್ಬರಿ, ಬೆಲ್ಲ ಎಲ್ಲಾ ಹ್ಯಾಟಿಗೇ ಸುರಿದೆ. ಅವರ ಜೊತೆ ಕಾರಿನಲ್ಲಿ ಬಂದಿದ್ದ ಪೇಪರಿನವನು ಪಟಕ್ಕನೆ ಫೋಟೋ ಹಿಡಿದ.

ಗೋಡೆ ಕಡೆಯಿಂದ ತಲೆ ತಿರುಗಿಸಿದ ಪಟೇಲಜ್ಜ ಅದನ್ನ ಕಂಡು ಕೈ ಮುಗಿದು ಹೇಳಿದ: "ಸಾಯೇಬ್ರಿಗೆ ಎರಿಗೆ ಸುಸೂತ್ರವಾಗಿ ಆಗ್ಲಪ್ಪಾ ದೇವ್ರೇ."

ಆಮೇಲೆ ಆ ಹೆಂಗಸು ನನ್ನ ಎರಡೂ ಕೈ ಹಿಡಿದುಕೊಂಡು ಉದ್ದಕ್ಕೆ ಏನೋ ಹೇಳಿದಳು. "ಏನಂತಾಳೋ?" ಅಂದೆ. ಹುಡುಗ ಅವ್ವನ ಕಡೆ ನೋಡಿದ, ನನ್ನ ಕಡೆ ನೋಡಿದ, ಗಂಟಲು ಸರಿಮಾಡಿಕೊಂಡ.

"ಮೊದಲು ನಿಂತಿದ್ದೀರಲ್ಲ ದೊಡ್ಡಮ್ಮಾ, ನೀವೇ ನನ್ನ ತಾಯಿ ಅಂದ್ಕೊಂಡಿದ್ದಾರೆ. ಮಗನ್ನ ಚೆನ್ನಾಗಿ ಬೆಳೆಸಿದ್ದೀರಿ ಅಂತಿದ್ದಾರೆ. ಬಂದ ಅತಿಥಿಗಳನ್ನ ಎಲ್ಲರ ಮುಂದೆ ತಿದ್ದಬಾರದು, ಅದು ನಮ್ಮ ಕ್ರಮ."

"ಯಾಕೆ ತಿದ್ದಬೇಕು? ತುಂಬಾ ಕಷ್ಟಪಟ್ಟು ಬೆಳೆಸಿದೆ ಅಂತ ಹೇಳು" ಅಂದೆ. ಹಿಂದೆ ತಟ್ಟೆ ಕೆಳಗೆ ಬಿದ್ದ ಸದ್ದಾಯಿತು.

ಹುಡುಗ ರಜೆ ಮುಗಿಸಿ ಹೋದ ಮೇಲೆ ನಮ್ಮ ಸ್ಟೇಷನ್ ಮಾಸ್ಟರು ಒಂದು ಇಂಗ್ಲಿಷ್ ಪೇಪರು ತಂದು ಜಗಲಿಯಲ್ಲಿ ಓದಿ ಹೇಳಿದರು. ಫೋಟೋದಲ್ಲಿ ನಾನು, ಮೊರ, ಹ್ಯಾಟು. ಕೆಳಗೆ, 'ರಾಯಭಾರಿಯನ್ನು ಬರಮಾಡಿಕೊಳ್ಳುತ್ತಿರುವ ಅಧಿಕಾರಿಯ ತಾಯಿ.' ಆ ಮಾತನ್ನ ಅವರ ಕೈಲಿ ಮೂರು ಸಲ ಓದಿಸಿದೆ. ಕೊನೇ ಸಲ ಸ್ವಲ್ಪ ಗಟ್ಟಿಯಾಗಿ, ಗೋಡೆ ಕಡೆ ತಿರುಗಿ ಓದಿ ಅಂದೆ. ಮುಂದಿನ ತೊಟ್ಟಿಲ ಶಾಸ್ತ್ರದಲ್ಲಿ ತಟ್ಟೆ ಹಿಡಿದವಳು ನಮ್ಮಿಬ್ಬರ ಮುಖ ನೋಡಿಕೊಂಡು ತಡವರಿಸಿದಾಗ, ಓರಗಿತ್ತಿಯೇ ಹಲ್ಲು ಕಚ್ಚಿಕೊಂಡು, "ಅಕ್ಕನಿಗೇ ಇಡೇ. ಪೇಪರಿನೋರೇ ಹೇಳವ್ರಲ್ಲ, ಅವರೇ ತಾಯಿ ಅಂತ" ಅಂದಳು. ಕಾಸಿನಗಲ ಇಡಿಸಿಕೊಂಡೆ. ಮನೆಗೆ ಬಂದು ಮುಖ ತೊಳೆಯಲಿಲ್ಲ.

ಮಾರನೇ ಬೆಳಿಗ್ಗೆ ಅವಳು ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ನಮ್ಮ ಬಾಗಿಲಿಗೆ ಬಂದಳು.

"ಅಕ್ಕಾ, ನಾನು ರಾತ್ರಿಯೆಲ್ಲಾ ಯೋಚನೆ ಮಾಡ್ದೆ. ಅವನು ನಿಮ್ಮ ಮಗನಾಗೇ ಇರ್ಲಿ. ಫೋಟೋ ನೀವೇ ಇಟ್ಕೊಳ್ಳಿ, ಕುಂಕುಮಾನೂ ನೀವೇ ಇಟ್ಕೊಳ್ಳಿ."

"ಏನೇ ಹಿಂಗಂತೀಯ?" ಅಂದೆ. ಒಳಗೊಳಗೆ ಖುಷಿ.

"ಬದಲಿಗೆ ನಿಮ್ಮ ಮಗನ್ನ ನನಗೆ ಕೊಟ್ಬಿಡಿ. ತೊಟ್ಟಿ ಖಾಲಿ ಬಿದ್ದದೆ. ನಿಮ್ಮ ಮೈದುನನಿಗೆ ಗೂರಲು, ನನಗೆ ಸೊಂಟ ಹಿಡ್ಕೊಂಡದೆ. ಫಾರಿನ್ನಿಂದ ಬಂದು ನೀರು ಸೇದ್ತಾನಾ ಅವನು?"

ನಾನು ಬಾಯಿ ತೆಗೆಯುವಷ್ಟರಲ್ಲಿ ನನ್ನ ಮಗ ಕಾಫಿ ಲೋಟ ಕೆಳಗಿಟ್ಟು ಎದ್ದ. "ಚಿಕ್ಕಮ್ಮಾ, ಇವತ್ತು ನಿಮ್ಮನೇಲಿ ಏನು ಸಾರು?"

"ಹಿತಕಿದವರೆ ಕಣಪ್ಪಾ."

"ಅವ್ವಾ, ನಮ್ಮನೇಲಿ?"

"ನಿನ್ನೆ ಸಾರೇ ಇದೆಯಲ್ಲೋ."

"ಹಂಗಾದ್ರೆ ನಾನು ಚಿಕ್ಕಮ್ಮನ ಮಗ" ಅಂದವನೇ ಕೊಡ ಈಸಿಕೊಂಡು ಹೊರಟೇಹೋದ. ಬಾವಿ ರಾಟೆ ಕಿರ್ರೋ ಅನ್ನುವ ಸದ್ದು, ಅವರ ತೊಟ್ಟಿಗೆ ದಬದಬ ನೀರು ಬೀಳುವ ಸದ್ದು, ಆಮೇಲೆ ಅವರ ಒಲೆಯಿಂದ ಒಗ್ಗರಣೆಯ ಘಮ, ಎಲ್ಲಾ ಗೋಡೆ ದಾಟಿ ಬಂತು. ನಾನು ಪೇಪರು ಹಿಡಿದುಕೊಂಡು ಜಗಲಿಯಲ್ಲೇ ಕೂತಿದ್ದೆ.

ಬಚ್ಚಲಿನಿಂದ ನಮ್ಮೆಜಮಾನರು ಕೂಗಿದರು. "ಲೇ, ಹಂಡೆ ಖಾಲಿ! ಒಂದು ಕೊಡ ನೀರು ತಾರೇ!"

"ಸೇದೋರು ಯಾರೂ ಇಲ್ಲ!" ಅಂದೆ.

"ಯಾಕಿಲ್ಲ? ಆ ಪೇಪರಿನಲ್ಲಿ ನಿನ್ನ ಫಾರಿನ್ ಮಗ ಇದ್ದಾನಲ್ಲ, ಅವನಿಗೆ ಹೇಳು. ಹಡಗಲ್ಲಿ ಹಾಕಿ ಕಳಿಸ್ತಾನೆ, ದಾರೀಲಿ ಯಾರೂ ಬಿಚ್ಚಿ ನೋಡಲ್ಲ!"